ಒಂದನೇ ಹಾಸಿಗೆಯ ಹಿಂದಿನ ಸೀರಿಯಲ್ ಸೆಟ್

ಆ ಔಷಧಿಯ ಪಂಪ್ ನಿಂತದ್ದು ನಿಮ್ಮ ಮೊಬೈಲಿನಿಂದಲ್ಲ, ರೇಣುಕಾ ಅವರೇ. ನಾನು ಹಚ್ಚಿದ ಬಣ್ಣದ ದೀಪಗಳ ಸೀರಿಯಲ್ ಸೆಟ್ಟಿನಿಂದ. ಈ ಸಂಗತಿ ನನಗೆ ಮಾರನೆಯ ದಿನ ಬೆಳಗ್ಗೆ ಹತ್ತೂವರೆಗೆ ತಿಳಿದಿತ್ತು. ವರದಿಗೆ ನಾನು ಸಹಿ ಹಾಕಿದ್ದು ಹನ್ನೆರಡೂವರೆಗೆ. ನಡುವಿನ ಆ ಎರಡು ಗಂಟೆ ನನಗೆ ಯಾವ ಗೊಂದಲವೂ ಇರಲಿಲ್ಲ. ಗೊತ್ತಿದ್ದೇ ಸುಳ್ಳು ಬರೆದೆ. ಹನ್ನೊಂದು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ.

ನಿಮಗೆ ಗೊತ್ತಿರುವ ವಿಷಯಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಾರಣವಿಷ್ಟೇ: ಇದರ ಇನ್ನೊಂದು ಪ್ರತಿ ನೀವು ಕೆಲಸ ಮಾಡುತ್ತಿದ್ದ ಜಯನಗರದ ಆ ನರ್ಸಿಂಗ್ ಹೋಮಿಗೆ ಹೋಗುತ್ತದೆ. ಅಲ್ಲಿ ಈಗ ಇರುವವರಿಗೆ ನಿಮ್ಮ ಮುಖವೂ ಗೊತ್ತಿಲ್ಲ, ನನ್ನದೂ ಗೊತ್ತಿಲ್ಲ. ಅವರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ನಾನು ಅಲ್ಲಿ ಯಂತ್ರಗಳ ಉಸ್ತುವಾರಿಯವನಾಗಿದ್ದೆ. ಡಿಗ್ರಿಯ ಇಂಜಿನಿಯರ್ ಅಲ್ಲ. ಗಾಂಧಿಬಜಾರಿನ ಬಳಿ ಒಂದು ಅಂಗಡಿಯಲ್ಲಿ ರೇಡಿಯೋ ರಿಪೇರಿ ಕಲಿತು, ಆಮೇಲೆ ಎಕ್ಸ್‌ರೇ ಯಂತ್ರ, ಆಮೇಲೆ ತೀವ್ರ ನಿಗಾ ಘಟಕದ ಮಾನಿಟರ್, ಪಂಪ್—ಹೀಗೆ ಕೈಯಿಂದಲೇ ಕಲಿತವನು. ದೊಡ್ಡ ಡಾಕ್ಟರು, ಅಂದರೆ ನರ್ಸಿಂಗ್ ಹೋಮಿನ ಮಾಲೀಕರು, ಬಂದ ಅತಿಥಿಗಳಿಗೆ ನನ್ನನ್ನು ಪರಿಚಯಿಸುತ್ತಿದ್ದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಇವ್ರು ನಮ್ ರಂಗಸ್ವಾಮಿ. ರೇಡಿಯೋ ರಿಪೇರಿ ಮಾಡ್ತಿದ್ರು, ಈಗ ಹಾರ್ಟ್ ರಿಪೇರಿ ಮಾಡೋ ಮೆಷಿನ್ ರಿಪೇರಿ ಮಾಡ್ತಾರೆ!" ಎಲ್ಲರೂ ನಗುತ್ತಿದ್ದರು. ಎಷ್ಟು ಸಲ ಹೇಳಿದರು, ಯಾರ ಯಾರ ಮುಂದೆ ಹೇಳಿದರು, ಯಾರು ಜೋರಾಗಿ ನಕ್ಕರು, ಯಾರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು—ನಾನು ಒಂದನ್ನೂ ಮರೆತಿಲ್ಲ. ಹತ್ತನೇ ವಾರ್ಷಿಕೋತ್ಸವದ ಊಟದಲ್ಲಿ ನನ್ನನ್ನು ಡ್ರೈವರುಗಳ ಪಂಕ್ತಿಯಲ್ಲಿ ಕೂರಿಸಿದ್ದು, ಎಲೆಯ ಮುಂದಿನಿಂದ ಎಬ್ಬಿಸಿ ಜನರೇಟರ್ ನೋಡಲು ಕಳಿಸಿದ್ದು—

ನೋಡಿ, ಮತ್ತೆ ಅಲ್ಲಿಗೇ ಹೋದೆ. ಇವು ನಿಮ್ಮಿಂದಾದ ಅವಮಾನಗಳಲ್ಲ. ಆದರೂ ಅವುಗಳ ಸೇಡನ್ನು ನಾನು ತೀರಿಸಿಕೊಂಡದ್ದು ನಿಮ್ಮ ಮೇಲೆ.

ಒಂದು ವಿದ್ಯುತ್ ಉಪಕರಣ ಇನ್ನೊಂದನ್ನು ಮುಟ್ಟದೆಯೇ ಕೆಡಿಸಬಲ್ಲದು ಎಂಬುದನ್ನು ಆ ಕಟ್ಟಡದಲ್ಲಿ ಎಲ್ಲರಿಗೂ ಹೇಳಿಕೊಟ್ಟವನು ನಾನೇ. ಮಿಕ್ಸಿ ತಿರುಗುವಾಗ ಪಕ್ಕದ ರೇಡಿಯೋ ಗರಗರ ಎನ್ನುವುದಿಲ್ಲವೇ—ಹಾಗೆ, ಎಂದು ಹೊಸ ನರ್ಸುಗಳಿಗೆ ಹೇಳುತ್ತಿದ್ದೆ. ರೇಡಿಯೋ ಗರಗರ ಎಂದರೆ ಹಾಡು ಕೆಡುತ್ತದೆ, ಹಾಸಿಗೆಯ ಪಕ್ಕದ ಯಂತ್ರ ಹಾಗೆ ಎಂದರೆ ಮನುಷ್ಯ ಕೆಡುತ್ತಾನೆ. ಆದ್ದರಿಂದ ಯಂತ್ರಕ್ಕೂ ಮೊಬೈಲಿಗೂ ನಡುವೆ ಇಷ್ಟು ಅಂತರವಿರಬೇಕು. ಒಂದರ ತಂತಿ ಇನ್ನೊಂದರ ಮೇಲೆ ಹಾಯಬಾರದು. ಭೂಮಿಗೆ ಹೋಗುವ ತಂತಿ, ಅರ್ಥಿಂಗ್, ಸರಿಯಿರಬೇಕು. ಹಾಸಿಗೆಗಳ ಹಿಂದಿನ ಪ್ರತಿ ಬೋರ್ಡಿನ ಮೇಲೂ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದೆ: "ಇಲ್ಲಿ ವೈದ್ಯಕೀಯ ಉಪಕರಣಗಳ ಹೊರತು ಬೇರೇನನ್ನೂ ಚುಚ್ಚಬಾರದು." ಅಕ್ಷರ ನನ್ನದು. ಕೆಳಗಿನ ಸಹಿಯೂ ನನ್ನದು.

ನೀವು ಗದಗದ ಕಡೆಯಿಂದ ಬಂದು ಬಿ.ಟಿ.ಎಂ. ಲೇಔಟಿನಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆಯಲ್ಲಿದ್ದಿರಿ. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ನಿಮ್ಮ ಬಗ್ಗೆ ನನ್ನಲ್ಲಿ ಅದಾಗಲೇ ಒಂದು ದೂರು ಇತ್ತು. ತಪಾಸಣೆಯ ಪುಸ್ತಕದಲ್ಲಿ ನಾನು ಒಂದು ಪಂಪಿನ ಸಂಖ್ಯೆಯನ್ನು ಇನ್ನೊಂದರ ಜಾಗದಲ್ಲಿ ಬರೆದಿದ್ದನ್ನು ಎಲ್ಲರ ಎದುರು ತೋರಿಸಿದ್ದಿರಿ. "ಸರ್ರ, ಇದು ಅದಲ್ರಿ, ಅದು ಇದ್ರಿ," ಎಂದು ನಕ್ಕಿದ್ದಿರಿ. ಆ ನಗುವಿನಲ್ಲಿ ಕುಹಕ ಇರಲಿಲ್ಲ ಎಂದು ಈಗ ಬರೆಯಬಲ್ಲೆ. ಅಂದು ನಾನು ಅದನ್ನು ಎತ್ತಿಟ್ಟುಕೊಂಡೆ.

ಆಯುಧಪೂಜೆಯ ದಿನ. ನಮ್ಮಲ್ಲಿ ಎಲ್ಲ ಯಂತ್ರಗಳಿಗೂ ಪೂಜೆ ಆಗಬೇಕು—ಆಂಬುಲೆನ್ಸಿನಿಂದ ಹಿಡಿದು ಬಿ.ಪಿ. ನೋಡುವ ಯಂತ್ರದ ತನಕ. ಆ ಪೂಜೆ ನನ್ನ ಪಾಲಿನದು, ಅದರಲ್ಲಿ ಬೇರೆಯವರು ಕೈ ಹಾಕಿದರೆ ನನಗೆ ಸೇರುತ್ತಿರಲಿಲ್ಲ. ವರ್ಷದಲ್ಲಿ ಆ ಒಂದು ದಿನ ದೊಡ್ಡ ಡಾಕ್ಟರೂ ನನ್ನ ಮುಂದೆ ಕೈ ಮುಗಿದು ನಿಲ್ಲಬೇಕಿತ್ತು. ಮಂಗಳಾರತಿ ತಟ್ಟೆ ನನ್ನ ಕೈಯಲ್ಲಿರುತ್ತಿತ್ತು. ನಿಗಾ ಘಟಕದಲ್ಲಿ ಆಮ್ಲಜನಕದ ಕೊಳವೆ ಇರುವುದರಿಂದ ಅಲ್ಲಿ ಕರ್ಪೂರ, ಊದುಬತ್ತಿ ಕೂಡದು ಎಂದು ನಿಯಮ ಮಾಡಿದ್ದೆ. ಕುಂಕುಮವನ್ನೂ ಯಂತ್ರದ ಹಿಂಬದಿಗೆ, ಗಾಳಿಕಿಂಡಿಗೆ ತಾಗದಂತೆ, ಬೆರಳ ತುದಿಯಷ್ಟೇ. ಅಷ್ಟು ಎಚ್ಚರದವನು.

ಕರ್ಪೂರವಿಲ್ಲದ ಪೂಜೆ ಬೋಳು ಎನ್ನಿಸುತ್ತಿತ್ತು. ಅದಕ್ಕೇ ಆ ವರ್ಷ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಮಿಣಿಮಿಣಿ ಬಣ್ಣದ ದೀಪಗಳ ಒಂದು ಸೀರಿಯಲ್ ಸೆಟ್ ತಂದೆ. ಒಂದನೇ ಹಾಸಿಗೆಯ ಪಕ್ಕದ ಗೋಡೆಯಲ್ಲಿದ್ದ ಚಾಮುಂಡೇಶ್ವರಿಯ ಪಟಕ್ಕೆ ಅದನ್ನು ಸುತ್ತಿದೆ. ಹತ್ತಿರ ಇದ್ದದ್ದು ಒಂದೇ ಬೋರ್ಡು—ಆ ಹಾಸಿಗೆಯ ಹಿಂದಿನದು. ನನ್ನ ಕೆಂಪು ಅಕ್ಷರಗಳ ಕೆಳಗೇ ಅದನ್ನು ಚುಚ್ಚಿದೆ. ಎರಡು ಗಂಟೆಯ ಮಟ್ಟಿಗೆ ತಾನೆ, ಎಂದುಕೊಂಡೆ. ನಿಯಮಗಳು ಬೇರೆಯವರಿಗೆ ಎಂದುಕೊಂಡೆ—ಇದು ಹೆಚ್ಚು ನಿಜ.

ಒಂದನೇ ಹಾಸಿಗೆಯಲ್ಲಿ ಸಿದ್ದಾಪುರದ ಒಬ್ಬ ಅಜ್ಜಿ ಇದ್ದರು. ಹೂ ಕಟ್ಟಿ ಮಾರುತ್ತಿದ್ದವರು. ಅವರ ರಕ್ತದೊತ್ತಡ ಬೀಳದಂತೆ ಒಂದು ಔಷಧಿಯನ್ನು ಸಿರಿಂಜ್ ಪಂಪ್ ಹನಿಹನಿಯಾಗಿ ಕೊಡುತ್ತಿತ್ತು. ದೊಡ್ಡ ಡಾಕ್ಟರು, ಅವರ ಹೆಂಡತಿ, ಮೇಟ್ರನ್, ನಾಲ್ಕೈದು ಜನ ನರ್ಸುಗಳು ಮಂಗಳಾರತಿಗೆಂದು ಬಾಗಿಲಲ್ಲಿ ಸೇರಿದ್ದಾಗ ನೀವು ಮಾನಿಟರಿನ ಪರದೆಯ ಮೇಲಿನ ಹೃದಯಬಡಿತದ ಗೆರೆ ನೋಡಿ ನನ್ನ ಹತ್ತಿರ ಬಂದಿರಿ.

"ಸರ್ರ, ಆ ಲೈಟ್ ತಗೀರಿ. ಅದನ್ನ ಹಚ್ಚಿದಾಗಿಂದ ಅಜ್ಜಿ ಗೆರಿ ನಡಗಾಕತ್ತೈತ್ರಿ."

ನಾನು ಕೇಳಿಸದವನಂತೆ ನಿಂತೆ. ನೀವು ಬೋರ್ಡಿನತ್ತ ಕೈ ತೋರಿಸಿದಿರಿ. "ನೀವ ಬರದೀರಲ್ರಿ ಅಲ್ಲೆ, ಬ್ಯಾರೆ ಏನೂ ಚುಚ್ಚಬಾರ್ದು ಅಂತ."

ದೊಡ್ಡ ಡಾಕ್ಟರು ಗಹಗಹಿಸಿ ನಕ್ಕರು. "ಏನ್ರೀ ರಂಗಸ್ವಾಮಿ, ಸಿಸ್ಟರ್ ನಿಮ್ಗೇ ಎಕ್ಸಾಮ್ ತಗೋತಿದಾರಲ್ರೀ! ಪಾಸಾ, ಫೇಲಾ?"

ಅವರ ಹೆಂಡತಿ ನಕ್ಕರು. ಮೇಟ್ರನ್ ನಕ್ಕರು. ನಾನು ಹೇಳಿದೆ: "ಮಂಗಳಾರತಿ ಆಗೋವರ್ಗೂ ಅದು ಇರುತ್ತೆ. ನಂಗೆ ಮೆಷಿನ್ ಪಾಠ ಹೇಳ್ಕೊಡೋಕೆ ಬರ್ಬೇಡ ನೀನು. ಹೋಗಿ ನಿನ್ ಕೆಲ್ಸ ನೋಡು."

ನೀವು ಹೋಗಿ ನಿಮ್ಮ ಕೆಲಸ ನೋಡಿದಿರಿ. ಅಜ್ಜಿ ಬದುಕಿದ್ದು ಅದರಿಂದ.

ಮಂಗಳಾರತಿ ಮುಗಿಯಿತು. ಆಗ ತೆಗೆದುಬಿಡಬಹುದಿತ್ತು. ತೆಗೆದರೆ ನೀವು ಹೇಳಿದ್ದಕ್ಕೆ ತೆಗೆದಂತಾಗುತ್ತದೆ ಎಂದು—ಹೌದು, ಇದೇ ಕಾರಣ, ಬೇರೆ ಇಲ್ಲ—ಹಾಗೆಯೇ ಬಿಟ್ಟು ಪುರಿ, ಕಡಲೆ ಹಂಚಲು ಕೆಳಗಿಳಿದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗು ಕೇಳಿಸಿತು. ಓಡಿ ಬಂದೆ. ಪಂಪ್ ತನ್ನಷ್ಟಕ್ಕೆ ಆರಿ, ಮತ್ತೆ ಹೊತ್ತಿಕೊಂಡು, ಯಾರಾದರೂ ಔಷಧಿಯ ಅಳತೆಯ ಅಂಕೆ ಒತ್ತಲಿ ಎಂದು ಸುಮ್ಮನೆ ಕಾಯುತ್ತಿತ್ತು. ಔಷಧಿ ನಿಂತಿತ್ತು. ಕೂಗಬೇಕಾದ ಅಲಾರಾಂ ಕೂಗಿರಲಿಲ್ಲ. ಅಜ್ಜಿಯ ತುಟಿ ಬಿಳಿಚಿದ್ದನ್ನು ಕಂಡು ನೀವೇ ಪಂಪಿನತ್ತ ತಿರುಗಿದ್ದಿರಿ. ನಾನು ಬಾಗಿಲಿಗೆ ಬರುವಾಗ ನೀವು ಪಂಪಿನ ಪ್ಲಗ್ಗನ್ನು ಬೋರ್ಡಿನಿಂದ ಕಿತ್ತು, ಅದರೊಳಗಿನ ಬ್ಯಾಟರಿಯ ಮೇಲೆ ಮತ್ತೆ ನಡೆಸಿ ಆಗಿತ್ತು. ಆಮೇಲೆ ಅದು ಒಮ್ಮೆಯೂ ನಿಲ್ಲಲಿಲ್ಲ. ಕಾಲು ಗಂಟೆಯಲ್ಲಿ ಅಜ್ಜಿಯ ಬಣ್ಣ ಮರಳಿತು. ಪಟದ ಸುತ್ತ ದೀಪಗಳು ಇನ್ನೂ ಮಿಣುಕುತ್ತಿದ್ದವು; ಆರಿಸಿದವನು ನಾನು. ಆ ಕ್ಷಣದಲ್ಲೇ ನಿಮ್ಮ ಏಪ್ರನ್ನಿನ ಜೇಬಿನಲ್ಲಿ ಮೊಬೈಲ್ ಬೆಳಗಿತು. ತೆಳು ಬಟ್ಟೆಯ ಮೂಲಕ ಹೆಸರು ಓದಲಾಗುತ್ತಿತ್ತು—"ಅವ್ವ".

ಯಂತ್ರಗಳ ಹತ್ತಿರ ಮೊಬೈಲ್ ತರಬಾರದೆಂಬ ನಿಯಮವನ್ನು ನೀವು ಮುರಿದದ್ದು ನಿಜ. ಆ ಒಂದು ಚಿಕ್ಕ ನಿಜದ ಮೇಲೆ ನಾನು ನನ್ನ ದೊಡ್ಡ ಸುಳ್ಳನ್ನು ಕಟ್ಟಿದೆ.

ಅಜ್ಜಿಯ ಮಗ ಗಲಾಟೆ ಮಾಡಿದ. "ಹಬ್ಬದ್ ದಿನ ನಮ್ಮಮ್ಮನ್ನ ಸಾಯಿಸ್ತಿದ್ರಲ್ರೀ! ಯಾರ್ ಇದಕ್ಕೆ ಜವಾಬ್ದಾರಿ? ಬರ್ದು ಕೊಡಿ ನಂಗೆ!" ಎಂದು ಕೌಂಟರಿನ ಮೇಲೆ ಗುದ್ದಿದ. ಕಾರಣ ಹುಡುಕಿ ಒಂದು ಪುಟದಲ್ಲಿ ಬರೆದುಕೊಡಿ ಎಂದು ದೊಡ್ಡ ಡಾಕ್ಟರು ನನಗೆ ಹೇಳಿದರು.

ಮಾರನೆಯ ದಿನ ವಿಜಯದಶಮಿ. ಅಜ್ಜಿಯನ್ನು ಒಳಗಿನ ಹಾಸಿಗೆಗೆ ಬದಲಿಸಿದ್ದರು, ಒಂದನೆಯದು ಖಾಲಿ. ನಾನು ಮನೆಯಿಂದ ಹಳೆಯ ಟ್ರಾನ್ಸಿಸ್ಟರ್ ತಂದೆ. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ ಹಿಡಿದರೆ, ಗಾಳಿಯಲ್ಲಿ ಹರಡುವ ವಿದ್ಯುತ್ ಗದ್ದಲವನ್ನು ಅದು ಕೂಗಿ ಹೇಳುತ್ತದೆ. ರೇಡಿಯೋ ರಿಪೇರಿಯವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸೀರಿಯಲ್ ಸೆಟ್ಟನ್ನು ಅದೇ ಬೋರ್ಡಿಗೆ ಚುಚ್ಚಿದೆ. ಟ್ರಾನ್ಸಿಸ್ಟರ್ ಗರ್ರ್ ಎಂದಿತು. ದೀಪಗಳು ಮಿನುಗಿದಂತೆಲ್ಲ ಟಪ್, ಟಪ್, ಟಪ್ ಎಂದು ಹೊಡೆಯಿತು. ಬೋರ್ಡಿನ ಬಳಿ, ಪಂಪಿನ ತಂತಿಯ ಉದ್ದಕ್ಕೂ ಅದೇ ಸದ್ದು. ಬೋರ್ಡು ಬಿಚ್ಚಿ ನೋಡಿದರೆ ಅರ್ಥಿಂಗ್ ತಂತಿ ಸಡಿಲವಾಗಿತ್ತು. ಆ ತಿಂಗಳು ಅದನ್ನು ಪರೀಕ್ಷಿಸಿರುವುದಾಗಿ ಪುಸ್ತಕದಲ್ಲಿ ಗುರುತು ಹಾಕಿದ್ದವನು ನಾನು. ಅದೇ ಪಂಪಿಗೆ ನೀರು ತುಂಬಿದ ಸಿರಿಂಜ್ ಹಾಕಿ ನಡೆಸಿದೆ. ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಆರಿತು, ಹೊತ್ತಿಕೊಂಡಿತು, ಕಾಯುತ್ತಾ ನಿಂತಿತು.

ಸೆಟ್ಟನ್ನು ಕಿತ್ತು, ನನ್ನ ಮೊಬೈಲನ್ನು ಪಂಪಿಗೆ ಅಂಟಿಸಿಟ್ಟು, ಆಫೀಸಿನ ಫೋನಿನಿಂದ ಅದಕ್ಕೆ ಮತ್ತೆ ಮತ್ತೆ ಕರೆ ಮಾಡಿದೆ. ಪಂಪ್ ಒಮ್ಮೆಯೂ ನಿಲ್ಲಲಿಲ್ಲ.

ಆಗ ಹತ್ತೂವರೆ. ಟ್ರಾನ್ಸಿಸ್ಟರ್ ಆರಿಸಿದೆ. ಅರ್ಥಿಂಗ್ ತಂತಿಯನ್ನು ಬಿಗಿಮಾಡಿದೆ. ಸೀರಿಯಲ್ ಸೆಟ್ಟನ್ನು ಸುರುಳಿ ಸುತ್ತಿ ನನ್ನ ಚೀಲಕ್ಕೆ ಹಾಕಿದೆ. ಮೇಜಿಗೆ ಬಂದು, ಕಾರ್ಬನ್ ಇಟ್ಟು, ಶುದ್ಧ ಅಕ್ಷರದಲ್ಲಿ ಬರೆದೆ: "ಕರ್ತವ್ಯದಲ್ಲಿದ್ದ ಶುಶ್ರೂಷಕಿಯು ನಿಷೇಧಿತ ಅಂತರದೊಳಗೆ ಮೊಬೈಲ್ ಇಟ್ಟುಕೊಂಡಿದ್ದುದೇ ಪಂಪ್ ಸ್ಥಗಿತಗೊಳ್ಳಲು ಕಾರಣ." ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ವಿಚಾರಣೆ ನಡೆದದ್ದು ದೊಡ್ಡ ಡಾಕ್ಟರ ಕೋಣೆಯಲ್ಲಿ. ಅವರು, ಮೇಟ್ರನ್, ನಾನು ಕುಳಿತಿದ್ದೆವು. ನಿಮಗೆ ಯಾರೂ ಕುರ್ಚಿ ತೋರಿಸಲಿಲ್ಲ. ನೀವು ಅಳಲಿಲ್ಲ, ಬೇಡಲಿಲ್ಲ.

"ಸರ್ರ, ಫೋನ್ ಇಟ್ಕೊಂಡಿದ್ದು ತಪ್ಪೈತ್ರಿ. ಅಪ್ಪಗ ಆರಾಮ ಇರ್ಲಿಲ್ಲ, ಅವ್ವ ಫೋನ್ ಮಾಡ್ತೀನಂದಿದ್ಲು. ಆದ್ರ ಪ್ಲಗ್ ಕಿತ್ತ ಮ್ಯಾಲ ಪಂಪ್ ನಡದೈತ್ರಿ. ಆವಾಗೂ ಫೋನ್ ನನ್ನ ಕಿಸೆದಾಗ ಇತ್ತು. ಅದೊಂದು ವಿಚಾರ ಮಾಡ್ರಿ."

ಎಷ್ಟು ಸರಿಯಾದ ಮಾತು! ಇಡೀ ಸತ್ಯವನ್ನು ನೀವು ಅವರ ಮೇಜಿನ ಮೇಲಿಟ್ಟಿದ್ದಿರಿ. ದೊಡ್ಡ ಡಾಕ್ಟರು ನನ್ನತ್ತ ತಿರುಗಿದರು. "ಏನ್ ಹೇಳ್ತೀರಿ ರಂಗಸ್ವಾಮಿ? ನಿಮ್ ಲೈಟ್ ಇತ್ತಲ್ವಾ ಅಲ್ಲಿ?"

ಆ ಕೋಣೆಯಲ್ಲಿ ಮೊದಲ ಬಾರಿಗೆ ಅವರು ನಗದೆ ನನ್ನ ಅಭಿಪ್ರಾಯ ಕೇಳಿದ್ದರು. ನಾನು ಹೇಳಿದೆ: "ಹಬ್ಬದ್ ಲೈಟಿಂದ ಏನಾಗುತ್ತೆ ಡಾಕ್ಟ್ರೇ? ಮಕ್ಳಾಟ ಅದು. ಮೂವತ್ತು ವರ್ಷದ ಅನುಭವದ ಮೇಲೆ ಹೇಳ್ತಿದೀನಿ—ಮೊಬೈಲೇ ಕಾರಣ."

ನೀವು ನನ್ನನ್ನು ನೋಡಿದಿರಿ. ಬಹಳ ಮೆಲ್ಲಗೆ ಅಂದಿರಿ: "ಸರ್ರ, ನಿಮಗ ಗೊತ್ತೈತಿ."

ಅಷ್ಟೇ. ಆ ಸಂಜೆಯೇ ನಿಮ್ಮನ್ನು ತೆಗೆದರು. ಅನುಭವ ಪತ್ರವನ್ನೂ ಕೊಡಲಿಲ್ಲ. ಬೇರೆ ಆಸ್ಪತ್ರೆಗಳು ವಿಚಾರಿಸಿ ಫೋನ್ ಮಾಡಿದಾಗ ಮೇಟ್ರನ್ ಏನು ಹೇಳುತ್ತಿದ್ದರೆಂದು ನನಗೆ ಗೊತ್ತು. ಒಂದು ಕರೆಯ ವೇಳೆ ನಾನು ಪಕ್ಕದಲ್ಲೇ ಇದ್ದೆ. "ಮೊಬೈಲ್ ಕೇಸು," ಎಂದರು. ಆಮೇಲೆ ಪ್ರತಿ ವರ್ಷ ಹೊಸ ನರ್ಸುಗಳಿಗೆ ಹೇಳುವ ಪಾಠದಲ್ಲಿ ನೀವು ಒಂದು ಉದಾಹರಣೆಯಾದಿರಿ. ಆ ಪಾಠವನ್ನು ಹೇಳುತ್ತಿದ್ದವನು ನಾನು.

ನಿಮ್ಮ ಆ ಮಾತನ್ನು ನಾನು ನನ್ನ ಅವಮಾನಗಳ ಪಟ್ಟಿಗೆ ಸೇರಿಸಿಕೊಂಡೆ—ನಂಬುತ್ತೀರಾ? ನನ್ನ ಮಗಳ ವಯಸ್ಸಿನವಳು ದೊಡ್ಡವರ ಎದುರು ನನ್ನನ್ನು ಸುಳ್ಳನೆಂದಳು, ಎಂದು ವರ್ಷಗಟ್ಟಲೆ ಒಳಗೇ ಕುದಿದೆ. ಕುದಿಯುವುದು ಸುಲಭ. ಸಿಟ್ಟಿನಲ್ಲಿರುವ ತನಕ ನಾಚಿಕೆಪಡಬೇಕಿಲ್ಲ. ಮಾರನೆಯ ವರ್ಷದ ಆಯುಧಪೂಜೆಯಲ್ಲಿ ನಿಗಾ ಘಟಕದೊಳಗೆ ದೀಪದ ಸರ ಕೂಡದೆಂದು ನಾನೇ ಆಜ್ಞೆ ಮಾಡಿದೆ. ಏಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರಿನ ಎಷ್ಟೋ ಆಸ್ಪತ್ರೆಗಳ ಹಾಸಿಗೆಗಳ ಹಿಂದೆ ಹಬ್ಬದ ದಿನ ಅಂಥ ಸರ ಮಿನುಗುತ್ತಿರಬಹುದು. ನಿಜವಾದ ಎಚ್ಚರಿಕೆ ನನ್ನ ಚೀಲದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ನಿವೃತ್ತಿಯ ದಿನ ನನಗೆ ಶಾಲು ಹೊದಿಸಿದರು. "ಎಚ್ಚರಕ್ಕೆ ಇನ್ನೊಂದು ಹೆಸರು ರಂಗಸ್ವಾಮಿಯವರು," ಎಂದರು. ಹೊದ್ದುಕೊಂಡೆ.

ಈಗ ನನ್ನ ಎದೆಯೊಳಗೇ ಒಂದು ಯಂತ್ರವಿದೆ. ಎಡ ಭುಜದ ಕೆಳಗೆ ಪೇಸ್‌ಮೇಕರ್ ಕೂರಿಸಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ಬೇರೆ. ಅದಕ್ಕಾಗಿ ಎರಡು ವಾರಕ್ಕೊಮ್ಮೆ ಬುಧವಾರ ಬೆಳಗ್ಗೆ ಏಳಕ್ಕೆ ಲ್ಯಾಬಿನವರು ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಕಳೆದ ಸಲ ಬಂದವರು ಹೆಲ್ಮೆಟ್ ತೆಗೆದು, ಚಪ್ಪಲಿ ಬಿಟ್ಟು, "ಸ್ಯಾಂಪಲ್ಲಿಗೆ ಬಂದೀನ್ರಿ," ಎಂದರು. ದನಿಯಿಂದಲೇ ಗುರುತು ಸಿಕ್ಕಿತು. ನೀವು ಚೀಟಿಯಲ್ಲಿದ್ದ ಹೆಸರು ಓದಿದಿರಿ, ನನ್ನ ಮುಖ ನೋಡಿದಿರಿ, ಇನ್ನೊಮ್ಮೆ ಹೆಸರು ಓದಿದಿರಿ.

ನೀವು ಏನಾದರೂ ಹೇಳುತ್ತೀರೆಂದು ಕಾದೆ. ಹೇಳಲಿ ಎಂದೇ ಕಾದೆ. ನೀವು ನನ್ನ ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕಿ, ಗೊತ್ತೇ ಆಗದಂತೆ ಸೂಜಿ ಚುಚ್ಚಿದಿರಿ. ಹತ್ತಿ ಒತ್ತಿ ಹಿಡಿದಾಗ ನಿಮ್ಮ ಕಣ್ಣು ಭುಜದ ಕೆಳಗಿನ ಗಾಯದ ಗುರುತಿಗೆ ಹೋಯಿತು. ಆಮೇಲೆ ಅಂಗಿಯ ಎಡ ಜೇಬಿಗೆ.

"ಸರ್ರ, ಫೋನ್ ಈ ಕಿಸೆದಾಗ ಇಡಬ್ಯಾಡ್ರಿ. ಮಷೀನ್ ಇರೂ ಕಡೆ ಬ್ಯಾಡ. ಒಂದು ಗೇಣು ದೂರ ಇರ್ಲಿ."

ಒಂದು ಗೇಣು. ನರ್ಸುಗಳಿಗೆ ಅಳತೆಪಟ್ಟಿ ಎಲ್ಲಿಂದ ಬರಬೇಕು, ಕೈ ಅಗಲಿಸಿ ಅಳೆಯಿರಿ ಎಂದು ನಾನು ಹೇಳಿಕೊಡುತ್ತಿದ್ದ ಅಳತೆ ಅದು. ನೀವು ಫೋನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಿರಿ. ನಿಮ್ಮ ದನಿಯಲ್ಲಿ ಚುಚ್ಚು ಇದೆಯೇ ಎಂದು ಹುಡುಕಿದೆ. ನನ್ನಷ್ಟು ಚೆನ್ನಾಗಿ ಅದನ್ನು ಹುಡುಕಬಲ್ಲವರು ಯಾರೂ ಇಲ್ಲ. ಇರಲಿಲ್ಲ. ಎದುರಿಗಿದ್ದ ರೋಗಿಗೆ ಒಬ್ಬ ನರ್ಸ್ ಹೇಳಬೇಕಾದದ್ದನ್ನು ಹೇಳಿದ್ದಿರಿ—ಅಂದು ಬೋರ್ಡಿನ ಮುಂದೆ ಹೇಳಿದ ಹಾಗೆಯೇ.

ನೀವು ಹೋದ ಮೇಲೆ ನನ್ನ ಹೆಂಡತಿ ಕಾಫಿ ತಂದಳು. "ಯಾರ್ರೀ ಆಕೆ? ನಿಮ್ಮನ್ನ ನೋಡಿದ್ ತಕ್ಷಣ ಒಂಥರಾ ಆದ್ರಲ್ಲ."

"ನರ್ಸಿಂಗ್ ಹೋಮಲ್ಲಿದ್ರು. ಐಸಿಯುನಲ್ಲಿ."

"ಅಯ್ಯೋ, ಅಷ್ಟ್ ಒಳ್ಳೆ ಕೆಲ್ಸ ಬಿಟ್ಟು ಮನೆಮನೆಗೆ ಯಾಕ್ ಅಲೀತಿದಾರೆ ಪಾಪ?"

"ಗೊತ್ತಿಲ್ಲ," ಎಂದೆ.

ಆ ಒಂದು ಪದ ಬಾಯಿಂದ ಬಂದಾಗ ನಿಮ್ಮ ಪದಗಳು ನೆನಪಾದವು—ನಿಮಗ ಗೊತ್ತೈತಿ. ಹನ್ನೊಂದು ವರ್ಷ ನಾನು ಅವಮಾನವೆಂದು ಕಾಪಾಡಿಕೊಂಡು ಬಂದದ್ದು ಅವಮಾನವೇ ಆಗಿರಲಿಲ್ಲ. ಆ ಕೋಣೆಯಲ್ಲಿ ನನ್ನ ವಿದ್ಯೆಯನ್ನು ನಿಜವಾಗಿ ನಂಬಿದ್ದವರು ನೀವೊಬ್ಬರೇ. ನನಗೆ ಗೊತ್ತಿದೆ ಎಂದು ನಂಬಿದ್ದಿರಿ. ಗೊತ್ತಿದ್ದರೆ ಹೇಳುತ್ತಾನೆ ಎಂದೂ, ಬಹುಶಃ—

ಆ ದಿನವೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಕಾಫಿ ಲೋಟ ಎತ್ತಿ ಒಳಗಿಟ್ಟು ಬಂದಳು. ಆಮೇಲೆ, "ನಂಗ್ ಹೇಳಿ ಏನ್ ಪ್ರಯೋಜ್ನ?" ಎಂದಳು.

ಆದ್ದರಿಂದ ಇದು. ಜೊತೆಗೆ ಹೊಸ ವರದಿಯ ಎರಡು ಪ್ರತಿಗಳಿವೆ. ಒಂದು ನಿಮಗೆ, ಒಂದು ನರ್ಸಿಂಗ್ ಹೋಮಿಗೆ. ಹಳೆಯದರ ಕಾರ್ಬನ್ ಪ್ರತಿಯನ್ನೂ ಲಗತ್ತಿಸಿದ್ದೇನೆ. ಪಂಪ್ ನಿಂತದ್ದು ಹೇಗೆ, ಅರ್ಥಿಂಗ್ ತಂತಿ ಸಡಿಲವಿದ್ದದ್ದು, ನಾನು ಮಾಡಿದ ಪರೀಕ್ಷೆ, ನಾನು ಮುಚ್ಚಿಟ್ಟದ್ದು—ಎಲ್ಲ ಅದರಲ್ಲಿದೆ. ನಿಮ್ಮ ಅನುಭವ ಪತ್ರವನ್ನು ಕೊಡಬೇಕೆಂದು ಕೇಳಿದ್ದೇನೆ. ಕೊಡದಿದ್ದರೆ ಕೊಡುವ ತನಕ ಅಲ್ಲಿಗೆ ಹೋಗುತ್ತೇನೆ. ಬಿಡದೆ ಬೆನ್ನು ಹತ್ತುವುದು ನನಗೆ ಚೆನ್ನಾಗಿ ಗೊತ್ತಿರುವ ಕೆಲಸ. ಇದರಿಂದ ನಿಮ್ಮ ಹನ್ನೊಂದು ವರ್ಷ ಹಿಂದಿರುಗುವುದಿಲ್ಲ. ನಿಮ್ಮ ತಂದೆಯವರು ಹೇಗಿದ್ದಾರೆಂದು ಕೇಳುವ ಧೈರ್ಯವೂ ನನಗಿಲ್ಲ. ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅದನ್ನು ಕೇಳಿದರೆ ನಿಮ್ಮ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ.

ನಾಳೆ ಬುಧವಾರ. ಬರುವವರು ನೀವೇ ಎಂದು ಲ್ಯಾಬಿಗೆ ಫೋನ್ ಮಾಡಿ ಕೇಳಿಕೊಂಡಿದ್ದೇನೆ. ಸೀರಿಯಲ್ ಸೆಟ್ಟನ್ನೂ ಟ್ರಾನ್ಸಿಸ್ಟರನ್ನೂ ಅಟ್ಟದಿಂದ ಇಳಿಸಿ, ಧೂಳು ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ತೋಳು ಚಾಚುವ ಮೊದಲು ಈ ಕಾಗದವನ್ನು ನಿಮ್ಮ ಕೈಗೆ ಕೊಡುತ್ತೇನೆ. ಕಿಟಕಿಯ ಪಕ್ಕದ ಕುರ್ಚಿಯನ್ನು ನಿಮಗಾಗಿ ಎಳೆದಿಟ್ಟಿದ್ದೇನೆ. ಅಂದು ಆ ಕೋಣೆಯಲ್ಲಿ ನಾನು ಕುಳಿತಿದ್ದೆ, ನೀವು ನಿಂತಿದ್ದಿರಿ. ನಾಳೆ ನೀವು ಕುಳಿತು ಓದಿ. ಓದಿ ಮುಗಿಯುವ ತನಕ ನಾನು ನಿಂತಿರುತ್ತೇನೆ.